ಕಷ್ಟಪಟ್ಟು ದುಡ್ಡು ಮಾಡಿದ್ರೆ ಹೀರೋಗೆ ಸುಖ ಸಿಗುತ್ತಾ?

ಪ್ರಶ್ನೆ: ಸಿನಿಮಾದಲ್ಲಿ ಹೀರೋ ಛಲ ಬಿಡದೆ ದುಡಿದು ದುಡ್ಡು ಮಾಡಿದ್ರೆ ಕೊನೆಗೆ ಸುಖವಾಗಿರ್ತಾನೆ ಅಂತಾನೇ ಯಾಕೆ ತೋರಿಸ್ತಾರೆ ಸರ್? ನಿಮಗೆ ಇದು ನಿಜ ಅನ್ಸುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎಲ್ಲರೂ ಹಾಗೆ ತೋರಿಸಲ್ಲ ಕಣ್ರೀ, ನಮ್ಮ ‘ಬಂಗಾರದ ಮನುಷ್ಯ’ನೇ ನೋಡಿ. 1972ರಲ್ಲಿ ಬಂದ ಸಿದ್ದಲಿಂಗಯ್ಯನವರ ಸಿನಿಮಾ, ಅದ್ರಲ್ಲಿ ಅಣ್ಣಾವ್ರು ಮಾಡಿದ ರಾಜೀವ, ಭಾವ ಸತ್ತು ದಿಕ್ಕಿಲ್ಲದಂತಾದ ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟು, ಊರವರು ಆಗಲ್ಲ ಅಂದ ಬರಡು ನೆಲದಲ್ಲೇ ಬೆಳೆ ತೆಗೆದು ಮನೇನ ಎತ್ತಿ ನಿಲ್ಲಿಸ್ತಾನೆ, ಅಂದ್ರೆ ನೀವು ಹೇಳೋ ಛಲ, ದುಡ್ಡು ಎರಡೂ ಅವನ ಹತ್ರ ಇದೆ. ಆದ್ರೆ ಹೆಂಡತಿ ಸಾಯ್ತಾಳೆ, ತಾನೇ ಓದಿಸಿದ ಅಕ್ಕನ ಮಗನೇ ಅವಮಾನ ಮಾಡ್ತಾನೆ, ರಾಜೀವ ಒಂದು ಮಾತೂ ಆಡದೆ ಎಲ್ಲ ಬಿಟ್ಟು ಹೊರಟು ಹೋಗ್ತಾನೆ. ನನಗಂತೂ ಆ ಸೀನ್ ಇವತ್ತಿಗೂ ತಡ್ಕೊಳೋಕಾಗಲ್ಲ!

ವಿಲ್ ಸ್ಮಿತ್ ಮಾಡಿದ 2006ರ ‘ದಿ ಪರ್ಸೂಟ್ ಆಫ್ ಹ್ಯಾಪಿನೆಸ್’ ಉಲ್ಟಾ, ಮಗನ ಜೊತೆ ಸ್ಟೇಷನ್ ಬಾತ್‌ರೂಮಲ್ಲಿ ರಾತ್ರಿ ಕಳೆದವನಿಗೆ ಕೊನೆಗೆ ಕೆಲಸ ಸಿಗುತ್ತೆ, ಕಣ್ಣಲ್ಲಿ ನೀರು ಬರುತ್ತೆ, ಸಿನಿಮಾ ಮುಗಿಯುತ್ತೆ. ಆ ಖುಷಿ ಸುಳ್ಳಲ್ಲ, ನಾಳೆ ಮಗು ಎಲ್ಲಿ ಮಲಗುತ್ತೆ ಅನ್ನೋ ಭಯ ಹೋಗೋದು ಸಣ್ಣ ವಿಷ್ಯ ಅಲ್ವೇ ಅಲ್ಲ. ಆದ್ರೆ ಕೆಲಸ ಸಿಕ್ಕಿದ ದಿನವೇ ಕಥೆ ನಿಲ್ಲುತ್ತೆ, ಆಮೇಲಿನ ವರ್ಷಗಳು ಎರಡು ಸಾಲು ಬರಹದಲ್ಲಿ ಮುಗೀತವೆ. ಸಿದ್ದಲಿಂಗಯ್ಯ ದುಡ್ಡು ಬಂದ ಮೇಲಿನ ಮನೆಯನ್ನೂ ತೋರಿಸಿದ್ರು, ಅದಕ್ಕೇ ನನ್ನ ಓಟು ಅವರಿಗೆ.