ಪೈಥಾನ್‌ನಲ್ಲಿ ++ಮೂಟೆ ಅಂತ ಬರೆದರೂ ಕಾಫಿ ಮೂಟೆಯ ಲೆಕ್ಕ ಯಾಕೆ ಏರುತ್ತಿಲ್ಲ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ++ ಎಂಬ ಆಪರೇಟರೇ (ಲೆಕ್ಕ ಮಾಡಿಸುವ ಚಿಹ್ನೆಯೇ) ಇಲ್ಲ, ಅದಕ್ಕೆ. ಪೈಥಾನ್ ನಿಮ್ಮ ಸಾಲನ್ನು +(+ಮೂಟೆ) ಎಂದು ಓದಿಕೊಳ್ಳುತ್ತದೆ: ಒಂದರ ಹಿಂದೊಂದು ಎರಡು ಯೂನರಿ ಪ್ಲಸ್. ಯೂನರಿ ಅಂದರೆ ಒಂದೇ ಮೌಲ್ಯದ ಮೇಲೆ ಕೆಲಸ ಮಾಡುವ ಚಿಹ್ನೆ. ಅದು ಮೌಲ್ಯವನ್ನು ಓದಿ ಉತ್ತರ ಕೊಡುತ್ತದೆಯೇ ಹೊರತು ಆ ಹೆಸರಿನಲ್ಲಿ ಇಟ್ಟದ್ದನ್ನು ಬದಲಿಸುವುದಿಲ್ಲ. ಮೂಡಿಗೆರೆಯ ನಿಮ್ಮ ಕಣದಲ್ಲಿ 40 ಮೂಟೆ ಇದ್ದರೆ, ಈ ಸಾಲು ಓಡಿದ ಮೇಲೂ 40. --ಮೂಟೆ ಕೂಡ 40 ಅನ್ನೇ ಕೊಡುತ್ತದೆ, ಋಣದ ಋಣ ಧನ ತಾನೆ! ಎರರ್ ಕೂಡ ಬರುವುದಿಲ್ಲ. ಸಿ, ಜಾವಾ ಭಾಷೆಗಳಲ್ಲಿ ++ ಒಂದನ್ನು ಕೂಡಿಸುತ್ತದೆ; ಅವನ್ನು ಕಲಿತು ಬಂದವರು ಎಡವುವುದು ಇಲ್ಲೇ. ಮೂಟೆ++ ಎಂದು ಬರೆದರೆ ಮಾತ್ರ ಎರರ್ ಬರುತ್ತದೆ, ಕೊನೆಯ ಪ್ಲಸ್ ಆದ ಮೇಲೆ ಏನೂ ಇಲ್ಲವಲ್ಲ. ಲೆಕ್ಕ ಏರಬೇಕಾದರೆ ಮೂಟೆ += 1 ಎಂದು ಬರೆಯಿರಿ.