ರ್‍ಯಾಂಕಿಂಗ್‌ನಲ್ಲಿ ಕೆಳಗಿರುವ ಟೆನಿಸ್ ಆಟಗಾರರು ಇಷ್ಟು ಕಷ್ಟಪಟ್ಟೂ ಆಟ ಬಿಡುವುದಿಲ್ಲವೇಕೆ?
ಹಾಸನದಲ್ಲಿ ದಿನವೂ ಬೆಳಿಗ್ಗೆ ಮಗಳನ್ನು ಟೆನಿಸ್ ಅಂಕಣಕ್ಕೆ ಕರೆದೊಯ್ಯುವ ನನ್ನನ್ನೂ ಈ ಪ್ರಶ್ನೆ ಕಾಡುತ್ತದೆ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ (ಐಟಿಎಫ್) ಪುರುಷರಿಗಾಗಿ ನಡೆಸುವ ಕೆಳಹಂತದ ಎಂ15 ಟೂರ್ನಿಯ ಒಟ್ಟು ಬಹುಮಾನವೇ 15,000 ಡಾಲರ್. ಮೊದಲ ಸುತ್ತಿನಲ್ಲಿ ಸೋತವರ ಪಾಲು ವಾರದ ಹೋಟೆಲ್ ಬಾಡಿಗೆಗೆ ಸಾಲುವುದೂ ಕಷ್ಟ. ವಿಮಾನ, ಕೋಚ್, ಫಿಸಿಯೊ, ರಾಕೆಟ್‌ಗೆ ತಂತಿ ಕಟ್ಟಿಸುವುದು, ಎಲ್ಲವೂ ಸ್ವಂತ ಖರ್ಚು. ಗಾಯಗೊಂಡು ಮನೆಯಲ್ಲಿ ಕುಳಿತರೆ ಗಳಿಸಿದ ರ್‍ಯಾಂಕಿಂಗ್ ಅಂಕಗಳೂ 52 ವಾರಗಳಲ್ಲಿ ಕಳಚಿಹೋಗುತ್ತವೆ.

ಆದರೆ ಸಕಲೇಶಪುರದ ಕಾಫಿ ಬೆಳೆಗಾರರಿಗೆ ವರ್ಷದ ಫಸಲನ್ನೇ ನಿರ್ಧರಿಸುವ ಹೂಮಳೆ ಹೇಗೋ, ಇವರಿಗೆ ಟೆನಿಸ್‌ನ ಅತಿ ದೊಡ್ಡ ಟೂರ್ನಿಯಾದ ಗ್ರ್ಯಾಂಡ್‌ಸ್ಲಾಮ್‌ನ ಒಂದು ವಾರ ಹಾಗೆ. ಭಾರತದ ಆಟಗಾರ ಸುಮಿತ್ ನಾಗಲ್ 2023ರಲ್ಲಿ, ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು ಸುಮಾರು 900 ಯೂರೊ ಎಂದಿದ್ದರು. 2024ರ ಜನವರಿಯಲ್ಲಿ ಅವರೇ ಅರ್ಹತಾ ಸುತ್ತು ದಾಟಿ, ಆಸ್ಟ್ರೇಲಿಯನ್ ಓಪನ್‌ನಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಮಣಿಸಿದರು. ಎರಡನೇ ಸುತ್ತು ತಲುಪಿದ್ದಕ್ಕೇ ಸಿಕ್ಕಿದ್ದು 1,80,000 ಆಸ್ಟ್ರೇಲಿಯನ್ ಡಾಲರ್.