ರಾತ್ರಿ 11ಕ್ಕೆ ಬರುವ ವಿದ್ಯಾರ್ಥಿಗಳ ಮೆಸೇಜು

ಮೇಡಂ, ರಾತ್ರಿ 11ಕ್ಕೂ ವಿದ್ಯಾರ್ಥಿಗಳ ವಾಟ್ಸಾಪ್ ನಿಲ್ಲುವುದಿಲ್ಲ, ಫೋನ್ ಆಫ್ ಮಾಡಿದರೆ ಊರಿನ ಕರೆ ತಪ್ಪುತ್ತದೆ ಅಂದಿರಿ. ಆಫ್ ಮಾಡಬೇಡಿ, ವಿದ್ಯಾರ್ಥಿಗಳಿಗೆ ಬೇರೆ ನಂಬರ್ ಕೊಡಿ. ಎರಡನೇ ಸಿಮ್‌ಗೆ ವಾಟ್ಸಾಪ್ ಬಿಸಿನೆಸ್ ಎಂಬ ಪ್ರತ್ಯೇಕ ಆ್ಯಪ್ ಹಾಕಿಕೊಳ್ಳಿ. ಪ್ರೊಫೈಲ್‌ನಲ್ಲಿ ಕೆಲಸದ ಸಮಯ 9ರಿಂದ 6 ಎಂದು ಕೊಟ್ಟು, 'ಅವೇ ಮೆಸೇಜ್'ನಲ್ಲಿ (ತಾನಾಗಿಯೇ ಹೋಗುವ ಉತ್ತರ) ಆ ಸಮಯದ ಹೊರಗೆ ಮಾತ್ರ ಕಳಿಸುವ ಆಯ್ಕೆ ಒತ್ತಿ. ಒಕ್ಕಣೆ ಚಿಕ್ಕದಿರಲಿ: "ಪ್ರಶ್ನೆ ತಲುಪಿದೆ, ಬೆಳಿಗ್ಗೆ 9ರ ನಂತರ ಉತ್ತರಿಸುತ್ತೇನೆ."

ಡೇಟಾ ಆಫ್ ಇದ್ದರೆ ಈ ಉತ್ತರ ಹೋಗುವುದಿಲ್ಲ. ಹಾಗಾಗಿ ಡೇಟಾ ಆನ್ ಇಟ್ಟು, ಆ ಆ್ಯಪ್‌ನ ನೋಟಿಫಿಕೇಶನ್ ಮಾತ್ರ ನಿಲ್ಲಿಸಿ. ಗ್ರೂಪಿನಲ್ಲೂ ಕೆಲಸ ಮಾಡದು, ಅಲ್ಲಿ ಅಡ್ಮಿನ್‌ಗಳಷ್ಟೇ ಬರೆಯುವಂತೆ ಸೆಟ್ಟಿಂಗ್ ಬದಲಿಸಿ.

ಹೆಚ್ಚಿನವರು ಸೋಲುವುದು ಒಂದೇ ಕಡೆ: ಪಾಪ ಅನ್ನಿಸಿ ಒಬ್ಬರಿಗೆ 11ಕ್ಕೆ ಉತ್ತರಿಸುತ್ತಾರೆ, ಮರುದಿನ ಇಡೀ ತರಗತಿಗೆ ಗೊತ್ತಾಗಿರುತ್ತದೆ. ರಾತ್ರಿಯೇ ಬರೆಯಲೇಬೇಕಾದರೆ ಕಂಪ್ಯೂಟರಿನಲ್ಲಿ ಜಿಮೇಲ್‌ನಲ್ಲಿ ಬರೆದು, ಸೆಂಡ್ ಪಕ್ಕದ ಬಾಣ ಒತ್ತಿ ಬೆಳಿಗ್ಗೆ 9ಕ್ಕೆ ಶೆಡ್ಯೂಲ್ ಮಾಡಿಬಿಡಿ.